ಸೀಟಿತ್ತು, ಗೊತ್ತಿರಲಿಲ್ಲ!

ಹಬ್ಬದ ಹಿಂದಿನ ದಿನ ಬಸ್ ಏಜೆಂಟನ ಮುಂದೆ ಕೈಕಟ್ಟಿ ನಿಂತು 'ಸೀಟಿಲ್ಲ ಹೋಗ್ರಿ' ಅನ್ನಿಸಿಕೊಳ್ಳದವರು ಯಾರಿದ್ದಾರೆ? 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಇಂಜಿನಿಯರ್ ಫಣೀಂದ್ರ ಸಾಮಾ ಅವರಿಗೂ ಅದೇ ಗತಿಯಾಯ್ತು. ಬೇರೆಯವರಾಗಿದ್ದರೆ ಏಜೆಂಟನನ್ನು ಬೈದು ಮಲಗುತ್ತಿದ್ದರು.

ಇವರು ಏಜೆಂಟರ ಹತ್ತಿರವೇ ಹೋಗಿ, ಈ ವ್ಯವಹಾರ ನಡೆಯೋದು ಹೇಗೆ ಎಂದು ಕೇಳಿದರು. ಒಂದೇ ಬಸ್ಸಿನ ಸೀಟುಗಳು ಹಲವು ಏಜೆಂಟರಿಗೆ ಹಂಚಿಹೋಗಿದ್ದವು. ಒಬ್ಬನ ಬಳಿ ಉಳಿದದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಎಲ್ಲಾ ಫೋನಿನಲ್ಲೇ! ಗಿರಾಕಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ, ಬಸ್ಸು ಖಾಲಿ ಸೀಟು ಹೊತ್ತು ಹೊರಡುತ್ತಿತ್ತು.

ಪಿಲಾನಿ ಕಾಲೇಜಿನ ಗೆಳೆಯರಾದ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಕೈಜೋಡಿಸಿದರು. ಮೂವರೂ ಒಳ್ಳೇ ಸಂಬಳದ ನೌಕರಿ ಬಿಟ್ಟವರು. 2006ರಲ್ಲಿ 'ರೆಡ್‌ಬಸ್' ಶುರುವಾಯ್ತು. ಬಸ್ ಮಾಲೀಕರು ಮೊದಮೊದಲು ಮೂಗು ಮುರಿದರಂತೆ. ಅದೇ ಕಂಪನಿಯನ್ನು 2013ರಲ್ಲಿ ಐಬಿಬೊ ಸಂಸ್ಥೆ ಕೊಂಡುಕೊಂಡಿತು.

ಅಂಗಡಿಯವರು ಗಮನಿಸಬೇಕು: ಈ ಹುಡುಗರು ಒಂದು ಬಸ್ಸನ್ನೂ ಕೊಳ್ಳಲಿಲ್ಲ. ಇದ್ದ ಸರಕು ಎಲ್ಲಿದೆ ಅಂತ ಗಿರಾಕಿಗೆ ತೋರಿಸಿದ್ದಕ್ಕೇ ಕಮಿಷನ್!

ಸ್ಟ್ಯಾಂಡಿನ ಪಕ್ಕದ ಸಣ್ಣ ಏಜೆಂಟನಿಗೆ ಪೆಟ್ಟು ಬಿದ್ದದ್ದೂ ಸುಳ್ಳಲ್ಲ. ಹಬ್ಬ ಬಂದರೆ ಖಾಸಗಿ ಬಸ್ಸಿನ ದರ ದುಪ್ಪಟ್ಟಾಗುವ ಸುಲಿಗೆಯಂತೂ ನಿಂತಿಲ್ಲ. ಏಜೆಂಟ್ ಕಿವಿಯಲ್ಲಿ ಉಸುರುತ್ತಿದ್ದ ದರ ಈಗ ಫೋನಿನ ಪರದೆಯ ಮೇಲೆ ರಾಜಾರೋಷವಾಗಿ ಕಾಣುತ್ತದೆ, ಅಷ್ಟೇ. ಗೆಳೆಯರು ಸೀಟು ಹುಡುಕಿಕೊಟ್ಟರು. ದರಕ್ಕೆ ಕಡಿವಾಣ ಹಾಕೋದು ಸಾರಿಗೆ ಇಲಾಖೆಯ ಕೆಲಸ. ಹಬ್ಬ ಕಳೆದ ಮೇಲೆ ನೋಟಿಸ್ ಕೊಟ್ಟರೆ ಸಾಲದು ಸ್ವಾಮೀ, ಟಿಕೆಟ್ ಮಾರುವ ಮೊದಲೇ ಕಣ್ಣು ಬಿಡಬೇಕು.