ರೋಗಶಯ್ಯೆಯಲ್ಲಿ ಜ್ಞಾನಸ್ನಾನ: ಮಕ್ಕಳ ಹೊಣೆ

ಆಗಸ್ಟ್ ತಿಂಗಳಲ್ಲಿ ನಮ್ಮ ಧರ್ಮಸಭೆಯು ಮೂವರು ಸಂತರನ್ನು ಸ್ಮರಿಸುತ್ತದೆ. 9ರಂದು ಕಾರ್ಮೆಲ್ ಮಠದ ಸನ್ಯಾಸಿನಿ, ರಕ್ತಸಾಕ್ಷಿ ಎಡಿತ್ ಸ್ಟೈನ್. 27ರಂದು ಸಂತ ಮೋನಿಕಾ. ಮರುದಿನ ಅವರ ಮಗ ಸಂತ ಅಗಸ್ಟೀನರು. ಕಾಲದೇಶಗಳಿಂದ ಬಹುದೂರವಿದ್ದರೂ ಈ ಮೂವರ ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದಿತ್ತು. ನಮ್ಮ ಪ್ರೀತಿಯ ಹಿರಿಯರು ನಮ್ಮ ವಿಶ್ವಾಸದ ಹೊರಗೆ ನಿಂತೇ ಬಾಳಿನ ಕೊನೆಯನ್ನು ಸಮೀಪಿಸುತ್ತಿರುವಾಗ ನಾವು ಮಾಡಬೇಕಾದುದೇನು?

ಈ ಪ್ರಶ್ನೆ ನಮ್ಮ ಧರ್ಮಕೇಂದ್ರಗಳಿಗೂ ಹೊಸತಲ್ಲ. ಅಂತರಧರ್ಮೀಯ ವಿವಾಹವಾಗಿ ಬಂದ ಸೊಸೆಯ ತಂದೆ ಇದ್ದಾರೆ. ಪ್ರಾಯಕ್ಕೆ ಬಂದ ಮೇಲೆ ಜ್ಞಾನಸ್ನಾನ ಪಡೆದ ಮಗನ ವೃದ್ಧ ತಾಯಿ ಇದ್ದಾರೆ. ಆರೋಗ್ಯವಿದ್ದಾಗ ಅವರವರ ಪೂಜೆ, ಅವರವರ ಪ್ರಾರ್ಥನೆ ಒಂದೇ ಸೂರಿನಡಿ ಸೌಹಾರ್ದದಿಂದ ನಡೆದುಕೊಂಡು ಹೋಗುತ್ತದೆ. ಹಿರಿಯರು ಹಾಸಿಗೆ ಹಿಡಿದಾಗ, ವೈದ್ಯರು ಕೈಚೆಲ್ಲಿದಾಗ, ಮಕ್ಕಳ ಮನಸ್ಸಿನಲ್ಲಿ ಕಳವಳ ಮೊದಲಾಗುತ್ತದೆ. ಕೆಲವರು ಆ ಕಳವಳವನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಕೆಲವರು ಆತುರಪಟ್ಟು ರೋಗಿಯ ಬಾಯಿಂದ ಒಂದು 'ಹೂಂ' ಹೊರಡಿಸಲು ಹೊರಡುತ್ತಾರೆ. ಇವೆರಡರಲ್ಲಿ ಯಾವುದೂ ನಮ್ಮ ಧರ್ಮಸಭೆಯ ದಾರಿಯಲ್ಲವೆಂದು ನಾವು ನಂಬುತ್ತೇವೆ.

ಮೊದಲು ಮೋನಿಕಾರ ಮನೆಯನ್ನು ನೋಡೋಣ. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕದಲ್ಲಿ, ಇಂದಿನ ಅಲ್ಜೀರಿಯ ದೇಶಕ್ಕೆ ಸೇರಿದ ತಗಾಸ್ತೆಯೆಂಬ ಪಟ್ಟಣದಲ್ಲಿ, ಅವರ ಪತಿ ಪತ್ರಿಸಿಯುಸ್ ಪುರಸಭೆಯ ಸದಸ್ಯನಾಗಿದ್ದನು. ಆತ ಕ್ರೈಸ್ತನಲ್ಲ; ಕಡುಕೋಪಿ; ದಾಂಪತ್ಯ ನಿಷ್ಠೆಯೂ ಆತನಲ್ಲಿರಲಿಲ್ಲ. ಕೋಪದ ಹೊತ್ತಿನಲ್ಲಿ ಮೋನಿಕಾ ಮಾತಿಗೆ ಮಾತು ಬೆಳೆಸಲಿಲ್ಲ. ಆತ ಶಾಂತನಾದ ಮೇಲೆ ಹೇಳಬೇಕಾದುದನ್ನು ಹೇಳಿದರು. ತಮ್ಮ ನಡತೆಯಿಂದಲೇ ಆತನೊಡನೆ ದೇವರ ವಿಷಯ ಮಾತನಾಡಿದರು. ಹೀಗೆ ವರ್ಷಗಳು ಸಂದವು. ಮಗನಿಗೆ ಹದಿನಾರರ ಪ್ರಾಯವಾದಾಗ ತಂದೆ ಇನ್ನೂ ದೀಕ್ಷಾರ್ಥಿಯಷ್ಟೇ ಆಗಿದ್ದನು. ಬಾಳಿನ ಕೊನೆಗಾಲದಲ್ಲಿ ಜ್ಞಾನಸ್ನಾನ ಹೊಂದಿದನು. ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಇದನ್ನು ತಾಯಿಯ ಬಾಳಿನ ಒಂದು ಫಲವೆಂದು ಕೃತಜ್ಞತೆಯಿಂದ ನೆನೆದಿದ್ದಾರೆ. ಕೊನೆಗಾಲದ ಆ ನೀರಿನ ಹಿಂದೆ ಒಂದು ಇಡೀ ದಾಂಪತ್ಯದ ತಾಳ್ಮೆಯಿತ್ತೆಂಬುದನ್ನು ನಾವು ಮರೆಯಬಾರದು.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಅಗಸ್ಟೀನರ ಆಪ್ತ ಗೆಳೆಯನೊಬ್ಬನು ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಬದುಕುವ ಆಸೆಯಿಲ್ಲವೆಂದು ತಿಳಿದ ಮನೆಯವರು ಆತನಿಗೆ ಅರಿವಿಲ್ಲದಂತೆಯೇ ಜ್ಞಾನಸ್ನಾನ ಮಾಡಿಸಿದರು. ಆತ ಚೇತರಿಸಿಕೊಂಡನು. ಆಗಿನ್ನೂ ವಿಶ್ವಾಸದಿಂದ ದೂರವಿದ್ದ ಅಗಸ್ಟೀನರು, ಗೆಳೆಯನೂ ತಮ್ಮೊಡನೆ ನಗುವನೆಂದೆಣಿಸಿ, ಆ ಸಂಸ್ಕಾರವನ್ನು ಪರಿಹಾಸ್ಯ ಮಾಡಿದರು. ಆದರೆ ಗೆಳೆಯನು ವೈರಿಯನ್ನು ನೋಡುವಂತೆ ಅವರನ್ನು ನೋಡಿ, ಸ್ನೇಹ ಬೇಕಾದರೆ ಅಂತಹ ಮಾತು ಆಡಕೂಡದೆಂದು ಎಚ್ಚರಿಸಿದನು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಆತ ತೀರಿಕೊಂಡನು. ಅರಿವಿಲ್ಲದೆ ಪಡೆದುದನ್ನು ಆತ ಎಚ್ಚರಗೊಂಡ ಮೇಲೆ ಸ್ವಂತ ಮನಸ್ಸಿನಿಂದ ಒಪ್ಪಿಕೊಂಡನು. ದೇವರ ಕೃಪೆಗೆ ನಮ್ಮ ಅಳತೆಗೋಲು ಸಾಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಇದನ್ನೇ ಆಧಾರವಾಗಿಟ್ಟುಕೊಂಡು, ಪ್ರಜ್ಞೆಯಿಲ್ಲದ ಹಿರಿಯರ ತಲೆಗೆ ಗುಟ್ಟಾಗಿ ನೀರೆರೆಯಲು ನಮಗೆ ಅಪ್ಪಣೆ ದೊರೆಯಿತೆಂದು ತಿಳಿಯುವುದು ತಪ್ಪು.

ಏಕೆಂದರೆ ಈ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ. ಪುರಾತನ ಕಾಲದಲ್ಲಿಯೇ ರೋಗಶಯ್ಯೆಯ ಜ್ಞಾನಸ್ನಾನದ ಬಗ್ಗೆ ಚರ್ಚೆ ನಡೆದಿತ್ತು. ಮೂರನೆಯ ಶತಮಾನದಲ್ಲಿ ಕಾರ್ತೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು, ಹಾಸಿಗೆಯಲ್ಲಿಯೇ ನೀರು ಚಿಮುಕಿಸಿಕೊಂಡವರೂ ಪೂರ್ಣ ಕ್ರೈಸ್ತರೇ ಎಂದು ಎತ್ತಿಹಿಡಿದರು. ನಾಲ್ಕನೆಯ ಶತಮಾನದ ಆರಂಭದಲ್ಲಿ ನಿಯೋಸಿಸೇರಿಯದ ಸಭೆಯಾದರೋ, ಅಂಥವರನ್ನು ಗುರುದೀಕ್ಷೆಗೆ ಸುಲಭವಾಗಿ ಸ್ವೀಕರಿಸಬಾರದೆಂದಿತು. ಅವರ ವಿಶ್ವಾಸವು ಸ್ವಂತ ಆಯ್ಕೆಯಿಂದಲ್ಲದೆ ಆಪತ್ತಿನ ಒತ್ತಡದಿಂದ ಹುಟ್ಟಿರಬಹುದೆಂಬುದೇ ಅದಕ್ಕೆ ಕಾರಣ. ಸಂಸ್ಕಾರದ ಬಗ್ಗೆ ಔದಾರ್ಯ, ಒತ್ತಡದ ಬಗ್ಗೆ ಎಚ್ಚರ: ಇವೆರಡೂ ಅಂದಿನಿಂದಲೇ ಜೊತೆಜೊತೆಯಾಗಿ ಬಂದಿವೆ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸವೆಂಬುದು ಮನುಷ್ಯನು ಸ್ವತಂತ್ರವಾಗಿ ದೇವರಿಗೆ ಕೊಡುವ ಉತ್ತರವೆಂದೂ ಯಾರನ್ನೂ ಬಲವಂತಪಡಿಸಲಾಗದೆಂದೂ ಸಾರಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ, ಮರಣಾಪಾಯದಲ್ಲಿರುವ ವಯಸ್ಕರಿಗೆ ಜ್ಞಾನಸ್ನಾನ ಕೊಡಬೇಕಾದರೆ ವಿಶ್ವಾಸದ ಮುಖ್ಯ ಸತ್ಯಗಳ ಅಲ್ಪಸ್ವಲ್ಪ ತಿಳಿವು ಅವರಿಗಿರಬೇಕು. ಯಾವುದಾದರೊಂದು ರೀತಿಯಲ್ಲಿ ಸ್ವಂತ ಇಚ್ಛೆಯನ್ನು ಅವರು ವ್ಯಕ್ತಪಡಿಸಿರಬೇಕು. ಕ್ರೈಸ್ತ ಧರ್ಮದ ಆಜ್ಞೆಗಳನ್ನು ಪಾಲಿಸುವೆನೆಂದು ಮಾತು ಕೊಡಬೇಕು. ಮಕ್ಕಳ ಇಚ್ಛೆ ಎಷ್ಟೇ ಪ್ರಾಮಾಣಿಕವಾದರೂ ತಂದೆತಾಯಿಯ ಇಚ್ಛೆಗೆ ಬದಲಿಯಾಗಲಾರದು.

ಹಾಗಾದರೆ ತಂದೆತಾಯಿ ಕೇಳದೆಯೇ ಹೋದರೆ? ಇಲ್ಲಿ ನಮಗೆ ದಾರಿ ತೋರುವವರು ಎಡಿತ್ ಸ್ಟೈನ್. ಇಂದು ಪೋಲೆಂಡಿಗೆ ಸೇರಿರುವ, ಅಂದು ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದ ಯೆಹೂದಿ ಮನೆತನ ಅವರದು. ಎಡಿತ್ ಎರಡು ವರ್ಷ ತುಂಬದ ಶಿಶುವಾಗಿದ್ದಾಗಲೇ ತಂದೆ ತೀರಿಹೋದರು. ತಾಯಿ ಔಗುಸ್ತೆಯವರು ಮರದ ವ್ಯಾಪಾರವನ್ನು ತಾವೇ ನಡೆಸಿ ಮಕ್ಕಳನ್ನು ಸಾಕಿದರು. ತಮ್ಮ ಪೂರ್ವಜರ ಧರ್ಮದಲ್ಲಿ ಅಚಲವಾದ ನಿಷ್ಠೆಯುಳ್ಳವರಾಗಿದ್ದರು. 1922ರ ಜನವರಿ 1ರಂದು ಎಡಿತ್ ಜ್ಞಾನಸ್ನಾನ ಪಡೆದಾಗ ತಾಯಿ ಕಣ್ಣೀರಿಟ್ಟರು. 1933ರಲ್ಲಿ ಮಗಳು ಕಲೋನಿನ ಕಾರ್ಮೆಲ್ ಮಠ ಸೇರಿದಾಗ ಆ ಗಾಯ ಇನ್ನೂ ಆಳವಾಯಿತು. ಮಠದಿಂದ ಮಗಳು ವಾರವಾರವೂ ಪತ್ರ ಬರೆದರು; ಬಹುಕಾಲ ತಾಯಿಯಿಂದ ಉತ್ತರವಿರಲಿಲ್ಲ. 1936ರಲ್ಲಿ ತಾಯಿ ಕಠಿಣ ರೋಗಕ್ಕೆ ತುತ್ತಾಗಿ ಸೆಪ್ಟೆಂಬರ್ 14ರಂದು ಕಣ್ಣುಮುಚ್ಚಿದರು. ಪವಿತ್ರ ಶಿಲುಬೆಯ ಆ ಹಬ್ಬದಂದು ಮಗಳು ಮಠದಲ್ಲಿ ತಮ್ಮ ವ್ರತಗಳನ್ನು ನವೀಕರಿಸುತ್ತಿದ್ದರು.

ಆ ಬಳಿಕ, ತಾಯಿಯು ಸಾಯುವ ಮುನ್ನ ಕ್ರೈಸ್ತರಾದರೆಂಬ ಸುದ್ದಿ ಹಬ್ಬಿತು. ಸನ್ಯಾಸಿನಿಯಾದ ಮಗಳಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಬೇರೇನಿದ್ದೀತು? ಮೌನವಾಗಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಎಡಿತ್ ಮೌನವಾಗಿರಲಿಲ್ಲ. ಅದು ನಿರಾಧಾರವೆಂದೂ ತಾಯಿ ಕೊನೆಯುಸಿರಿನವರೆಗೆ ತಮ್ಮ ಧರ್ಮದಲ್ಲಿಯೇ ನೆಲೆಯಾಗಿದ್ದರೆಂದೂ ಪತ್ರದಲ್ಲಿ ಸ್ಪಷ್ಟವಾಗಿ ಬರೆದರು. ಜೊತೆಗೆ, ದೇವರಲ್ಲಿ ಅಷ್ಟು ದೃಢವಾದ ಭರವಸೆಯಿಟ್ಟ ತಾಯಿಗೆ ಕರುಣಾಮಯನಾದ ನ್ಯಾಯಾಧೀಶನೇ ದೊರೆತಿರುವನೆಂಬ ತಮ್ಮ ನಂಬಿಕೆಯನ್ನೂ ತಿಳಿಸಿದರು. ಕ್ರಿಸ್ತನನ್ನು ಒಪ್ಪಿಕೊಂಡಿದ್ದ ಅಕ್ಕ ರೋಸಾ, ವೃದ್ಧ ತಾಯಿಯ ಮನಸ್ಸನ್ನು ನೋಯಿಸಬಾರದೆಂದು ಅಷ್ಟು ಕಾಲ ಕಾದಿದ್ದು, ಅದೇ ವರ್ಷದ ಕ್ರಿಸ್ಮಸ್ ಮುನ್ನಾದಿನ ಜ್ಞಾನಸ್ನಾನ ಪಡೆದರು. ಯೆಹೂದಿ ಕುಲದವರೆಂಬ ಕಾರಣಕ್ಕೆ ಅಕ್ಕತಂಗಿಯರಿಬ್ಬರೂ 1942ರ ಆಗಸ್ಟ್‌ನಲ್ಲಿ ಔಶ್ವಿಟ್ಸ್ ಶಿಬಿರದಲ್ಲಿ ಕೊಲ್ಲಲ್ಪಟ್ಟರು. 1998ರಲ್ಲಿ ಪರಮಗುರು ಎರಡನೆಯ ಜಾನ್ ಪಾಲರು ಎಡಿತ್‌ರನ್ನು ಸಂತರೆಂದು ಘೋಷಿಸಿದರು. ಪರಿವರ್ತನೆಯ ಸುಳ್ಳು ಸುದ್ದಿಯೊಂದನ್ನು ತಾಯಿಯ ಗೌರವಕ್ಕಾಗಿ ನಿರಾಕರಿಸಿದ ಮಗಳು ಇಂದು ನಮ್ಮ ವೇದಿಕೆಗಳ ಮೇಲೆ ಪೂಜ್ಯಳಾಗಿದ್ದಾಳೆ!

ಈ ಎರಡು ಮನೆಗಳಿಂದ ನಾವು ಕಲಿಯತಕ್ಕದ್ದೇನು? ಹಿರಿಯರು ತಾವಾಗಿಯೇ ಕ್ರಿಸ್ತನನ್ನು ಬಯಸಿದರೆ ಹಿಂಜರಿಯದಿರೋಣ. ದ್ರಾಕ್ಷಾತೋಟಕ್ಕೆ ಕೊನೆಯ ಗಳಿಗೆಯಲ್ಲಿ ಬಂದವನಿಗೂ ಯಜಮಾನನು ಪೂರ್ಣ ಕೂಲಿ ಕೊಟ್ಟನು. ಆದರೆ ಆ ಬಯಕೆ ಅವರದೇ ಹೌದೋ, ಆರೈಕೆ ಮಾಡುವ ಮಕ್ಕಳನ್ನು ಮೆಚ್ಚಿಸಲು ಆಡಿದ ಮಾತೋ, ಗುಣವಾದೀತೆಂಬ ಆಸೆಯೋ ಎಂದು ಶಾಂತವಾಗಿ, ಏಕಾಂತದಲ್ಲಿ ವಿಚಾರಿಸಬೇಕು. ಧರ್ಮಕೇಂದ್ರದ ಗುರುಗಳನ್ನು ಬೇಗನೆ ಕರೆಸಬೇಕು. ರೋಗಿ ಕೇಳಿಕೊಂಡಿದ್ದು, ಗುರುಗಳು ಬರುವಷ್ಟು ಸಮಯವೂ ಇಲ್ಲದಿದ್ದರೆ, ಧರ್ಮಸಭೆಯ ಉದ್ದೇಶದಿಂದ ಯಾರೂ ಜ್ಞಾನಸ್ನಾನ ಕೊಡಬಹುದು. ಒಡಹುಟ್ಟಿದವರಿಗೆ ವಿಷಯವನ್ನು ಮುಚ್ಚಿಡಕೂಡದು. ಗುಟ್ಟಿನಲ್ಲಿ ನಡೆದ ಸಂಸ್ಕಾರ ಶವದ ಮುಂದೆ ಜಗಳವಾಗಿ ಹೊರಬೀಳುತ್ತದೆ. ರೋಗಿ ಗುಣಮುಖರಾದರೆ ಅವರ ಕೈಹಿಡಿದು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಕುಟುಂಬದ್ದೂ ಧರ್ಮಕೇಂದ್ರದ್ದೂ ಆಗಿದೆ.

ಹಿರಿಯರು ಬಯಸದಿದ್ದರೆ ಅವರ ಹಾಸಿಗೆಯ ಬಳಿ ಕುಳಿತು ಮೈ ಒರೆಸೋಣ, ಗಂಜಿ ಕುಡಿಸೋಣ, ಮನದಲ್ಲಿಯೇ ಜಪಸರದ ಮಣಿ ಎಣಿಸೋಣ. ಅವರು ದೇವಸ್ಥಾನದ ತೀರ್ಥವನ್ನು ಬಯಸಿದರೆ ತಂದುಕೊಡುವವರನ್ನು ಕರೆಸೋಣ. ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದಾಗದು. ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಬೆಸೆದಿದ್ದಾನೆ, ಆದರೆ ತಾನು ತನ್ನ ಸಂಸ್ಕಾರಗಳಿಗೆ ಬಂಧಿತನಲ್ಲವೆಂದು 1992ರ ಧರ್ಮೋಪದೇಶ ಗ್ರಂಥವೇ ತಿಳಿಸುತ್ತದೆ.

ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟವು ಅದನ್ನು ಹಿಂದೆಗೆಯಲು ನಿರ್ಧರಿಸಿತು. ಕ್ರೈಸ್ತರ ಸೇವೆಯನ್ನು ಸಂಶಯದಿಂದ ನೋಡುವ ಕಣ್ಣುಗಳು ಅದಕ್ಕೂ ಮುಂಚೆ ಇದ್ದವು. ದೇಶದ ಕಾನೂನನ್ನು ತಿಳಿದು ನಡೆಯುವುದು ನಮ್ಮ ಕರ್ತವ್ಯ. ಆದರೆ ರೋಗಿಯ ಅಂತಃಸಾಕ್ಷಿಯನ್ನು ನಾವು ಗೌರವಿಸುವುದು ಕಾನೂನಿನ ಅಂಜಿಕೆಯಿಂದಲ್ಲ. ಒಳಗೆ ಬರಲು ಬಾಗಿಲು ತಟ್ಟಿ ಕಾಯುವ ಪ್ರಭುವಿನ ಮಕ್ಕಳು ನಾವು. ಆತನೇ ಕಾಯುವಾಗ ಬಾಗಿಲು ಮುರಿಯುವ ಅಧಿಕಾರ ನಮಗೆಲ್ಲಿಯದು?