ಕಾಲಾಣೆಯ ಲೆಕ್ಕ

ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಾಗಲಿ, ಹಬ್ಬದೂಟದ ಬಳಿಕವಾಗಲಿ ನಾಲ್ಕು ಮಂದಿ ಹಿರಿಯರು ಒಂದೆಡೆ ಕುಳಿತರೆ ಮಾತು ಹಳೆಯ ಕಾಲದ ಬೆಲೆಗಳತ್ತ ಹೊರಳುವುದು ಸಹಜ. ಆಣೆಗೆ ಇಷ್ಟು ಬೂತಾಯಿ ಮೀನು, ರೂಪಾಯಿಗೆ ಇಷ್ಟು ಸೇರು ಅಕ್ಕಿ ಎಂದು ಅವರು ಹೇಳತೊಡಗಿದರೆ ಕಿರಿಯರು ನಂಬಲಾರದೆ ನಗುತ್ತಾರೆ. ಅಂದಿನ ಕಾಲವೇ ಚೆನ್ನಾಗಿತ್ತು ಎಂಬಲ್ಲಿಗೆ ಹರಟೆ ಮುಗಿಯುತ್ತದೆ. ಆದರೆ ಬೆಲೆಯನ್ನಷ್ಟೇ ಹೇಳಿ, ಅದನ್ನು ಎಷ್ಟು ದುಡಿದವರು ಯಾವ ನಾಣ್ಯದಲ್ಲಿ ತೆರುತ್ತಿದ್ದರು ಎಂಬುದನ್ನು ಹೇಳದೆ ಬಿಟ್ಟರೆ ಆ ನೆನಪು ಅರ್ಧಸತ್ಯವಾಗಿಯೇ ಉಳಿಯುತ್ತದೆ. ಉಳಿದರ್ಧವನ್ನು ಅರಿಯಲು ಒಂದು ನಿರ್ದಿಷ್ಟ ದಿನವನ್ನು ಆರಿಸಿಕೊಳ್ಳುವುದು ಲೇಸು. ಆ ದಿನ 1957ರ ಏಪ್ರಿಲ್ 1, ಸೋಮವಾರ.

ಅಂದು ಭಾರತದ ರೂಪಾಯಿ ತನ್ನ ಒಳಗಣ ಲೆಕ್ಕವನ್ನು ಬದಲಿಸಿಕೊಂಡಿತು. ಅದುವರೆಗೆ ರೂಪಾಯಿಗೆ 16 ಆಣೆ. ಆಣೆಗೆ 4 ಪೈಸೆ, ಅಂದರೆ 12 ಪೈ. ಹೀಗೆ ರೂಪಾಯಿಗೆ 64 ಪೈಸೆ, 192 ಪೈ. ಆ ಹಳೆಯ ಪೈಸೆಯನ್ನೇ ನಮ್ಮವರು ಕಾಲಾಣೆ ಎನ್ನುತ್ತಿದ್ದರು. 1955ರಲ್ಲಿ ಸಂಸತ್ತು ನಾಣ್ಯ ಕಾಯಿದೆಗೆ ತಂದ ತಿದ್ದುಪಡಿಯಂತೆ ಅಂದಿನಿಂದ ರೂಪಾಯಿಗೆ 100 ಪೈಸೆ ಎಂದಾಯಿತು. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದಕ್ಕೆ ನಯಾಪೈಸೆ ಎಂಬ ಹೆಸರು ಬಂತು. 1964ರ ಜೂನ್ 1ರಂದು ‘ನಯಾ’ ಎಂಬುದು ಅಧಿಕೃತವಾಗಿ ಕಳಚಿಬಿದ್ದರೂ, ‘ಕೈಯಲ್ಲಿ ನಯಾಪೈಸೆ ಇಲ್ಲ’ ಎನ್ನುವವರು ಇಂದಿಗೂ ಇದ್ದಾರೆ.

ಜನಜೀವನದಲ್ಲಿ ಅದು ಬದಲಾವಣೆಗಳ ಮೇಲೆ ಬದಲಾವಣೆಗಳು ಬಂದ ಕಾಲ. ಮದ್ರಾಸು ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಐದೇ ತಿಂಗಳು. ಎರಡನೆಯ ಮಹಾಚುನಾವಣೆ ಮುಗಿದು ತಿಂಗಳೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಜೇಬಿನ ಚಿಲ್ಲರೆಯೂ ಬದಲಾಯಿತು. ಅಂಚೆ ಕಚೇರಿಗಳಿಗೆ ಭಾರತದ ಭೂಪಟವುಳ್ಳ ಹೊಸ ಅಂಚೆಚೀಟಿಗಳು ಬಂದವು. ಮುಕ್ಕಾಲಾಣೆಯ ಅಂಚೆ ಕಾರ್ಡು 5 ನಯಾಪೈಸೆಯದಾಯಿತು.

ದಶಮಾನ ಪದ್ಧತಿ ಸರಿಯಾದ ನಿರ್ಧಾರವಾಗಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆಣೆ-ಪೈ ಲೆಕ್ಕದ ಕೂಡುವಿಕೆ, ಗುಣಾಕಾರಗಳಲ್ಲಿ ಬಾಲ್ಯ ಸವೆಸಿದವರನ್ನು ಕೇಳಿದರೆ ತಿಳಿದೀತು. ಆದರೆ ಸರಿಯಾದ ನಿರ್ಧಾರದ ವೆಚ್ಚವನ್ನು ಯಾರು ತೆತ್ತರು ಎಂಬುದು ಬೇರೆಯೇ ಪ್ರಶ್ನೆ. ಲೆಕ್ಕ ನೋಡೋಣ.

ಒಂದು ಆಣೆಗೆ ಸರಿಯಾಗಿ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲವಾದ್ದರಿಂದ ಸರಕಾರವು ಪರಿವರ್ತನೆಯ ನಿಯಮವೊಂದನ್ನು ವಿಧಿಸಿತು: ಅರ್ಧ ಮತ್ತು ಅದಕ್ಕಿಂತ ಕಡಿಮೆಯ ಭಾಗವನ್ನು ಬಿಟ್ಟುಬಿಡುವುದು, ಅರ್ಧಕ್ಕಿಂತ ಹೆಚ್ಚಿನದನ್ನು ಪೂರ್ಣ ಪೈಸೆಯೆಂದು ಎಣಿಸುವುದು. ಹೀಗೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ನಯಾಪೈಸೆ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಗಳು ಮಾತ್ರ 25, 50, 75 ಎಂದು ಚೊಕ್ಕವಾಗಿ ಕೂಡಿಬಂದವು. ಪಾವಲಿಯಿಂದ ಮೇಲಿನ ವ್ಯವಹಾರದವನಿಗೆ ಆ ಸೋಮವಾರ ಹೆಸರಿನ ಬದಲಾವಣೆಯೇ ಹೊರತು ಬೇರೇನೂ ಅಲ್ಲ.

ಆದರೆ ಕಾಲಾಣೆಯ ಗಿರಾಕಿಯ ಗತಿ? ಕಾಲಾಣೆಗೆ ನಿಜವಾದ ಬೆಲೆ ಒಂದೂವರೆ ಪೈಸೆಗಿಂತ ಸ್ವಲ್ಪ ಹೆಚ್ಚು. ನಿಯಮದಂತೆ ಅದು 2 ನಯಾಪೈಸೆಯಾಯಿತು. ಅಂದರೆ ರೂಪಾಯಿಗೆ 64 ಬಾರಿ ಸಿಗುತ್ತಿದ್ದ ವಸ್ತುವನ್ನು ಬಿಡಿಬಿಡಿಯಾಗಿ ಕೊಂಡರೆ ಈಗ 128 ನಯಾಪೈಸೆ ತೆರಬೇಕು. ಅದೇ ರೂಪಾಯಿಯ ಸರಕನ್ನು ಆಣೆ ಆಣೆಯಾಗಿ ಕೊಳ್ಳಬಲ್ಲವನಿಗೆ 96 ನಯಾಪೈಸೆ ಸಾಕು. ಒಟ್ಟಿಗೆ ಕೊಂಡವನಿಗೆ 100. ಅರ್ಧಾಣೆಗೆ 3 ಎಂದು ನಿಯಮ ಕೊಂಚ ಕರುಣೆ ತೋರಿತಾದರೂ, ಅದು ದೊರೆಯಲು ಅರ್ಧಾಣೆಯ ಸಾಮಾನನ್ನು ಒಮ್ಮೆಲೆ ಕೊಳ್ಳುವಷ್ಟು ಹಣ ಕೈಯಲ್ಲಿರಬೇಕು. ದಿನದ ಕೂಲಿಯನ್ನು ಸಂಜೆ ಪಡೆದು ಇಷ್ಟು ಉಪ್ಪು, ಇಷ್ಟು ಸೀಮೆಎಣ್ಣೆ, ನಾಲ್ಕು ವೀಳ್ಯದೆಲೆ ಎಂದು ಕೊಂಡು ಮನೆಗೆ ಹೋಗುವ ಬೀಡಿ ಕಟ್ಟುವವಳಿಗೆ, ಹೆಂಚಿನ ಕಾರ್ಖಾನೆಯ ಆಳಿಗೆ ಆ ಅನುಕೂಲವೆಲ್ಲಿಂದ ಬರಬೇಕು? ಆಣೆಯನ್ನು 6ಕ್ಕೆ ಇಳಿಸಬೇಕಾದ ಅಂಗಡಿಯವನು 7 ಎಂದುಬಿಟ್ಟರಂತೂ ರೂಪಾಯಿಯ ಸರಕಿಗೆ 112 ನಯಾಪೈಸೆ.

ಇನ್ನೊಂದು ತೊಡಕು ಹೀಗಿತ್ತು. ಹಳೆಯ ನಾಣ್ಯಗಳೂ ಹೊಸವೂ ಕೆಲಕಾಲ ಜೊತೆಯಾಗಿಯೇ ಚಲಾವಣೆಯಲ್ಲಿದ್ದವು. ಎರಡಾಣೆಯ ಹಳೆಯ ಬಿಲ್ಲೆ ಕೊಟ್ಟು ಕಾಲಾಣೆಯ ಸಾಮಾನು ಕೊಂಡವಳಿಗೆ ಎಷ್ಟು ಚಿಲ್ಲರೆ ಹಿಂದಿರುಗಬೇಕು? 12ರಲ್ಲಿ 2 ಕಳೆದರೆ 10. ಆದರೆ ಉಳಿದ ಒಂದಾಣೆ ಮುಕ್ಕಾಲನ್ನೇ ನಿಯಮದಂತೆ ಪರಿವರ್ತಿಸಿದರೆ 11. ಎರಡು ಲೆಕ್ಕಗಳೂ ತಪ್ಪಲ್ಲ! ಇಂಥ ಒಂದು ನಯಾಪೈಸೆಯ ಚರ್ಚೆಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಸೋಲುವುದು ಅಪರೂಪವೆಂದು ಬೇರೆ ಹೇಳಬೇಕಾಗಿಲ್ಲ.

ಓದುಬರಹ ಬಾರದವರ ಪಾಡು ಮತ್ತಷ್ಟು ಕಷ್ಟಕರ. ಅವರು ನಾಣ್ಯವನ್ನು ಗುರುತಿಸುತ್ತಿದ್ದುದು ಅಕ್ಷರದಿಂದಲ್ಲ, ಆಕಾರದಿಂದ. ಹಳೆಯ ಎರಡಾಣೆಯ ಬಿಲ್ಲೆ ಚೌಕವಾಗಿತ್ತು. ಹೊಸ 5 ನಯಾಪೈಸೆಯೂ ಚೌಕ. ಹಳೆಯ ಆಣೆಗೆ ಹೂದಳದಂತಹ ಅಂಚಿತ್ತು. ಹೊಸ 2 ಮತ್ತು 10 ನಯಾಪೈಸೆಗಳಿಗೂ ಅಂಥದೇ ಅಂಚು. ನಿನ್ನೆಯವರೆಗೆ ಚೌಕ ಬಿಲ್ಲೆಯೆಂದರೆ ಹನ್ನೆರಡೂವರೆ ಪೈಸೆಯೆಂದು ಬೆರಳಿಗೆ ತಿಳಿದಿದ್ದವಳಿಗೆ ಇಂದಿನಿಂದ ಅದು ಐದೂ ಆಗಿರಬಹುದು. ಪರಿವರ್ತನೆಯ ಪಟ್ಟಿಗಳು ಅಚ್ಚಾಗಿ ಹಂಚಲ್ಪಟ್ಟವು ನಿಜ. ಪಟ್ಟಿ ಓದಬಲ್ಲವರಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ ಎಂಬುದೂ ನಿಜ.

ಒಂದು ಪೈಸೆಗೆ ಇಷ್ಟೊಂದು ಮಾತೇಕೆ ಎನ್ನುವವರು ಕಲ್ಕತ್ತೆಯನ್ನು ನೆನೆಯಬಹುದು. ನಾಣ್ಯ ಬದಲಾಗುವ ನಾಲ್ಕು ವರ್ಷ ಮೊದಲು, 1953ರ ಜುಲೈಯಲ್ಲಿ, ಅಲ್ಲಿನ ಬ್ರಿಟಿಷ್ ಒಡೆತನದ ಟ್ರಾಮ್ ಕಂಪೆನಿ ಎರಡನೇ ದರ್ಜೆಯ ಟಿಕೇಟಿಗೆ ಒಂದೇ ಒಂದು ಹಳೆಯ ಪೈಸೆಯನ್ನು ಏರಿಸಿತು. ನಗರವು ಒಂದು ತಿಂಗಳ ಕಾಲ ಹೊತ್ತಿ ಉರಿಯಿತು. ಕೊನೆಗೆ ಏರಿಕೆಯನ್ನು ತಡೆಹಿಡಿಯಬೇಕಾಯಿತು. ದಿನಕ್ಕೆರಡು ಬಾರಿ ಟ್ರಾಮಿನಲ್ಲಿ ಹೋಗಿಬರುವವನ ತಿಂಗಳ ಲೆಕ್ಕದಲ್ಲಿ ಒಂದು ಪೈಸೆ ಒಂದು ಪೈಸೆಯಾಗಿ ಉಳಿಯುವುದಿಲ್ಲ, ಹದಿನೈದು ಆಣೆಯಾಗುತ್ತದೆ.

ಆದಾಯದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಕೇಂದ್ರ ಸರಕಾರದ ಅತ್ಯಂತ ಕೆಳಗಿನ ನೌಕರನಿಗೆ 1947ರಲ್ಲಿ ಮೊದಲ ವೇತನ ಆಯೋಗವು ಗೊತ್ತುಮಾಡಿದ್ದು ತುಟ್ಟಿಭತ್ತೆ ಸೇರಿ ತಿಂಗಳಿಗೆ 55 ರೂಪಾಯಿ. ಎರಡನೆಯ ಆಯೋಗವು 1959ರಲ್ಲಿ ಅದನ್ನು 80 ರೂಪಾಯಿಗೆ ಏರಿಸಲು ಶಿಫಾರಸು ಮಾಡಿತು. 1957 ಇವೆರಡರ ನಡುವಣ ವರ್ಷ. ಅದೂ ಸರಕಾರಿ ನೌಕರಿಯೆಂಬ ಭಾಗ್ಯ ಪಡೆದವನ ಮಾತು. ದಿನಕ್ಕೆ 5 ನಯಾಪೈಸೆ ಹೀಗೆ ಸೋರಿಹೋದರೆ ತಿಂಗಳಿಗೆ ಒಂದೂವರೆ ರೂಪಾಯಿ. ಅದೇ ಹಣಕ್ಕೆ 30 ಅಂಚೆ ಕಾರ್ಡುಗಳು ಬರುತ್ತಿದ್ದವು. ಬೊಂಬಾಯಿಗೆ ದುಡಿಯಲು ಹೋದ ಮಗನಿಗೆ ದಿನಕ್ಕೊಂದು ಕಾಗದ ಬರೆಯಬಹುದಿತ್ತು.

ಹಾಗೆಂದು ಅಂದಿನ ಬದುಕು ಲೆಕ್ಕದಲ್ಲೇ ಮುಳುಗಿತ್ತೆಂದಲ್ಲ. ಹೊಸ ನಾಣ್ಯ ಬರುವುದಕ್ಕೆ ಐದು ದಿನ ಮೊದಲು, ಮಾರ್ಚ್ 27ರಂದು, ತೆಲುಗಿನ ‘ಮಾಯಾಬಜಾರ್’ ತೆರೆಕಂಡಿತ್ತು. ಕನ್ನಡದಲ್ಲಿ ಆ ವರ್ಷ ‘ರಾಯರ ಸೊಸೆ’ ಬಂತು. ‘ಪ್ರೇಮದ ಪುತ್ರಿ’ ಬಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. ಗಾಂಧಿ ಕ್ಲಾಸಿನ ನೆಲದಲ್ಲಿ ಕುಳಿತವನಿಗೂ ಬಾಲ್ಕನಿಯವನಿಗೂ ಚಿತ್ರ ಒಂದೇ. ಆಕಾಶವಾಣಿಯಲ್ಲಿ ಮಾತ್ರ ಚಿತ್ರಗೀತೆಗಳಿಗೆ ಸ್ಥಾನವಿರಲಿಲ್ಲ. ಅಂದಿನ ವಾರ್ತಾ ಸಚಿವ ಬಿ. ವಿ. ಕೇಸ್ಕರರಿಗೆ ಅವು ರುಚಿಸುತ್ತಿರಲಿಲ್ಲ. ಹಾಗಾಗಿ ರೇಡಿಯೋ ಇದ್ದ ಮನೆಯವರು ಬುಧವಾರ ರಾತ್ರಿ ರೇಡಿಯೋ ಸಿಲೋನಿನ ‘ಬಿನಾಕಾ ಗೀತಮಾಲಾ’ಕ್ಕೆ ಕಿವಿಗೊಡುತ್ತಿದ್ದರು, ನೆರೆಯವರು ಜಗಲಿಗೆ ಬರುತ್ತಿದ್ದರು. ಜನರ ರುಚಿಯೆದುರು ಸಚಿವಾಲಯ ಮಣಿದು ‘ವಿವಿಧ ಭಾರತಿ’ ಆರಂಭವಾದದ್ದು ಅದೇ ವರ್ಷದ ಅಕ್ಟೋಬರ್ 3ರಂದು. ಮುಂದಿನ ವರ್ಷ, 1958ರಲ್ಲಿ, ಬಂದ ಹಿಂದಿ ಚಿತ್ರ ‘ಚಲ್ತೀ ಕಾ ನಾಮ್ ಗಾಡಿ’ಯಲ್ಲಿ ಕಿಶೋರ್ ಕುಮಾರ್ ಹಾಡಿ ಕೇಳುವ ಬಾಕಿ ಹಣ ಐದು ರೂಪಾಯಿ ಹನ್ನೆರಡಾಣೆ! ಕಾಯಿದೆಯ ಪ್ರಕಾರ ಅದು 5 ರೂಪಾಯಿ 75 ನಯಾಪೈಸೆ ಆಗಬೇಕಿತ್ತು. ಆದರೆ ಜನರ ನಾಲಿಗೆ ಕಾಯಿದೆಯನ್ನು ಅಷ್ಟು ಬೇಗ ಒಪ್ಪುವುದಿಲ್ಲ. ನಮ್ಮಲ್ಲೂ ಐವತ್ತು ಪೈಸೆ ಎಂಟಾಣೆಯಾಗಿ, ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿ ಕೊನೆಯವರೆಗೂ ಉಳಿದವು. ಸತ್ಯ ಇಂದಿಗೂ ಹದಿನಾರಾಣೆಯದೇ.

ಇಷ್ಟು ಹಳೆಯ ಲೆಕ್ಕವನ್ನು ಈಗ ಕೆದಕುವುದಕ್ಕೆ ಕಾರಣವಿದೆ. ಅಂದು ಕಳೆದುಹೋದ ಪೈಸೆಯ ತುಣುಕು ಇಂದಿಗೂ ಕಳೆಯುತ್ತಲೇ ಇದೆ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಅಧಿಕೃತವಾಗಿ ಕಣ್ಮರೆಯಾದವು. 50 ಪೈಸೆಗೆ ಕಾನೂನಿನ ಮಾನ್ಯತೆ ಉಳಿದಿದ್ದರೂ ಅದನ್ನು ಕೊಡುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಬಿಲ್ಲು ಪೂರ್ಣ ರೂಪಾಯಿಗೆ ಏರುತ್ತದೆ. ಒಂದೆರಡು ರೂಪಾಯಿ ಚಿಲ್ಲರೆಯ ಬದಲು ಮಿಠಾಯಿಯೊಂದು ಕೈಗೆ ಬರುತ್ತದೆ; ಅದೇ ಮಿಠಾಯಿಯನ್ನು ಮರುದಿನ ಹಣವೆಂದು ಕೊಟ್ಟರೆ ಅದೇ ಅಂಗಡಿಯವನು ಸ್ವೀಕರಿಸುವನೇ? ಎಷ್ಟೋ ಕಡೆ ಹತ್ತು ರೂಪಾಯಿಯ ಒಳ್ಳೆಯ ನಾಣ್ಯವನ್ನೂ ನಿರಾಕರಿಸಿದ ಪ್ರಸಂಗಗಳಿವೆ.

ಇನ್ನೂ ಸೂಕ್ಷ್ಮವಾದ ಉಪಾಯವೆಂದರೆ ತಯಾರಕರದು. ಐದು ರೂಪಾಯಿಯ ಬಿಸ್ಕಿಟ್ ಪೊಟ್ಟಣ ಐದು ರೂಪಾಯಿಯದಾಗಿಯೇ ಉಳಿಯುತ್ತದೆ, ಒಳಗಿನ ತೂಕ ಇಳಿಯುತ್ತದೆ. 1957ರಲ್ಲಿ ಬೆಲೆಯ ತುಣುಕು ಏರಿದ್ದು ಕನಿಷ್ಠಪಕ್ಷ ಕಣ್ಣಿಗೆ ಕಾಣುತ್ತಿತ್ತು. ಈಗ ಅದನ್ನು ಕಾಣಲು ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. ದೊಡ್ಡ ಪೊಟ್ಟಣ ಕೊಳ್ಳಬಲ್ಲವನು ಇಂದಿಗೂ ಅನೇಕ ಸರಕುಗಳಲ್ಲಿ ಗ್ರಾಮಿಗೆ ಕಡಿಮೆ ತೆರುತ್ತಾನೆ.

2016ರಲ್ಲಿ ಬಂದ ಯುಪಿಐ ಪಾವತಿಯಿಂದ ಪೈಸೆಯವರೆಗೂ ನಿಖರವಾಗಿ ಕೊಡುವುದು ಮತ್ತೆ ಸಾಧ್ಯವಾಗಿದೆ ಎಂಬುದು ಸಂತೋಷದ ಸಂಗತಿ. ಆದರೆ ಫೋನು ಇರುವವರಿಗೆ, ಅದನ್ನು ಬಳಸಲು ಬಲ್ಲವರಿಗೆ ಮಾತ್ರ. ಪಿಂಚಣಿಯ ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬರುವ ಅಜ್ಜಿಗೆ ಚಿಲ್ಲರೆ ಇಲ್ಲ ಎಂಬ ಉತ್ತರವೇ ಗತಿ. ಅಂದು ಪಟ್ಟಿ ಓದಲಾರದವಳ ಪಾಲಿಗೆ ಏನಾಯಿತೋ ಇಂದು ಫೋನು ಒತ್ತಲಾರದವಳ ಪಾಲಿಗೆ ಅದೇ ಆಗುತ್ತಿದೆ.

ನಮ್ಮ ವರ್ತಕ ಬಂಧುಗಳಲ್ಲಿ, ಸಹಕಾರಿ ಸಂಘಗಳ ಅಂಗಡಿ ನಡೆಸುವವರಲ್ಲಿ ಒಂದು ವಿನಂತಿ. ವಾರಕ್ಕೊಮ್ಮೆ ಬ್ಯಾಂಕಿನಿಂದ ಒಂದು ಚೀಲ ನಾಣ್ಯ ತರಿಸಿಕೊಳ್ಳುವುದು ಅಸಾಧ್ಯದ ಕೆಲಸವಲ್ಲ. ಮೊತ್ತವನ್ನು ಪೂರ್ಣ ಮಾಡಲೇಬೇಕಾದಲ್ಲಿ, ನಗದು ಕೊಡುವವರಿಗೆ ಕೆಳಕ್ಕೆ ಪೂರ್ಣ ಮಾಡಿ. ಅರ್ಧ ಮತ್ತು ಅರ್ಧಕ್ಕಿಂತ ಕಡಿಮೆಯದನ್ನಾದರೂ ಬಿಟ್ಟುಬಿಡಬೇಕೆಂದು 1957ರ ಸರಕಾರವೇ ಹೇಳಿತ್ತು. ಇಂದಿನ ಅನೇಕ ಗಲ್ಲಾಪೆಟ್ಟಿಗೆಗಳಿಗೆ ಅಷ್ಟೂ ಉದಾರತೆ ಇಲ್ಲ. ಗ್ರಾಹಕರೂ ಬಾಕಿ ಚಿಲ್ಲರೆ ಕೇಳಲು ನಾಚಬೇಕಾಗಿಲ್ಲ. ಎರಡು ರೂಪಾಯಿಗಾಗಿ ನಿಂತವಳನ್ನು ಹಿಂದಿನ ಸಾಲಿನವರು ಜಿಪುಣಿಯೆಂಬಂತೆ ನೋಡುವ ಅಭ್ಯಾಸವನ್ನೂ ಬಿಡಬಹುದು.

ಅಂದಹಾಗೆ, ಆ ಸೋಮವಾರ 5 ನಯಾಪೈಸೆಯಿದ್ದ ಅಂಚೆ ಕಾರ್ಡು ಕಾಲಕ್ರಮೇಣ 50 ಪೈಸೆಗೆ ಏರಿ ವರ್ಷಗಟ್ಟಲೆ ಅಲ್ಲಿಯೇ ನಿಂತಿತು. ಒಂದು ಕಾರ್ಡಿಗಾಗಿ ಒಂದು ರೂಪಾಯಿ ಕೊಟ್ಟವನಿಗೆ ಹಿಂದಿರುಗಿಸಲು ಎಂಟಾಣೆ ಎಲ್ಲಿಂದ ತರುವುದು? ಕಾಗದ ಬರೆಯಲು ಇನ್ನೊಬ್ಬರಿದ್ದಾರೋ ಇಲ್ಲವೋ, ಎರಡು ಕಾರ್ಡು ಕೊಂಡು ಬರಬೇಕಾಗುತ್ತಿತ್ತು.