ಏಳನೆಯ ಗುಂಡು ಯಾರದು?

ಕಳೆದ ಬೇಸಿಗೆಯಲ್ಲಿ ಮೇರಿಲ್ಯಾಂಡಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಬಂದೂಕು ತಯಾರಾಯಿತು. ಪ್ಲಾಸ್ಟಿಕ್ ಪೈಪು, ರಟ್ಟು, ಕಂದು ಬಣ್ಣ; ಎದ್ದು ನಿಲ್ಲಿಸಿದರೆ ನನ್ನ 17 ವರ್ಷದ ಮಗಳಿಗಿಂತ ಒಂದು ಗೇಣು ಎತ್ತರ. ವಾಷಿಂಗ್ಟನ್ ಡಿಸಿಯಲ್ಲಿ ನಡೆಯುವ ಒಟಾಕಾನ್ ಎಂಬ ಅನಿಮೆ ಮೇಳಕ್ಕೆ ಅವಳು ವೇಷ ಕಟ್ಟುತ್ತಿದ್ದಳು. ಅಟ್ಲಾಂಟಾದಿಂದ ಬಂದಿದ್ದ ಅವಳ ಚಿಕ್ಕಪ್ಪನ ಮಗ ಪಕ್ಕದಲ್ಲಿ ಕುಳಿತು ಅಂಟು ಹಚ್ಚುತ್ತಿದ್ದ. "ಅಮ್ಮಾ, ಇವಳು ಎಷ್ಟು ಚೆನ್ನಾಗಿ ನಗ್ತಾಳೆ ನೋಡು" ಎಂದು ಮಗಳು ಫೋನನ್ನು ನನ್ನ ಮುಂದೆ ಹಿಡಿದಳು.

ಪರದೆಯ ಮೇಲಿದ್ದವಳು ರಿಪ್ ವ್ಯಾನ್ ವಿಂಕಲ್. ಕೋಹ್ತಾ ಹಿರಾನೊ ಬರೆದ 'ಹೆಲ್ಸಿಂಗ್' ಮಂಗಾದ, ಅದನ್ನು ಆಧರಿಸಿ 2006ರಿಂದ 2012ರವರೆಗೆ ಬಂದ 'ಹೆಲ್ಸಿಂಗ್ ಅಲ್ಟಿಮೇಟ್' ಸರಣಿಯ ಪಾತ್ರ. ದುಂಡು ಕನ್ನಡಕ, ಉದ್ದ ಕೂದಲು, ಹಳೆಯ ಕಾಲದ ಕೋವಿ. ಅವಳು ಹಾರಿಸಿದ ಗುಂಡು ಗಾಳಿಯಲ್ಲೇ ತಿರುಗಿ, ಒಬ್ಬರನ್ನು ಸೀಳಿ, ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತದೆ. ಗುಂಡು ತನ್ನ ಕೆಲಸ ಮಾಡುತ್ತಿರುವಾಗ ಅವಳು ಹಾಡುತ್ತಾಳೆ, ನಗುತ್ತಾಳೆ. ಅವಳು ನಾಜಿ ಸೇನೆಯ ಅಳಿದುಳಿದ ಒಂದು ಪಡೆಯ ಅಧಿಕಾರಿ ಎಂಬುದನ್ನು ನನ್ನ ಮಗಳು ಎರಡನೆಯ ವಾಕ್ಯದಲ್ಲಿ, ಅಡಿಟಿಪ್ಪಣಿಯಂತೆ ಹೇಳಿದಳು.

ಆ ನಗು ನನ್ನನ್ನು ಮಾತಿಲ್ಲದಂತೆ ಮಾಡಿತು. ಕಾರಣ ಆ ಮಕ್ಕಳಿಗೆ ತಿಳಿಯುವಂಥದ್ದಲ್ಲ. ಅವರಿಬ್ಬರೂ ಹುಟ್ಟುವ ಮೊದಲಿನದು.

2002ರ ಅಕ್ಟೋಬರ್ 3ರ ಬೆಳಿಗ್ಗೆ, ನಮ್ಮ ಮಾಂಟ್‌ಗೊಮರಿ ಕೌಂಟಿಯಲ್ಲಿ ಎರಡೂವರೆ ಗಂಟೆಯೊಳಗೆ ನಾಲ್ವರು ಸತ್ತರು. ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು. ಒಬ್ಬರು ಬೆಂಚಿನ ಮೇಲೆ ಕುಳಿತಿದ್ದರು. ಒಬ್ಬರು ತಮ್ಮ ವಾಹನದ ಒಳಗಿನ ಧೂಳು ತೆಗೆಯುತ್ತಿದ್ದರು. ಇನ್ನೊಬ್ಬರು ಪುಣೆಯಿಂದ ಬಂದು ಇಲ್ಲಿ ನೆಲೆಸಿದ್ದ 54 ವರ್ಷದ ಟ್ಯಾಕ್ಸಿ ಚಾಲಕರು. ಗಾಡಿಗೆ ಪೆಟ್ರೋಲ್ ಹಾಕುತ್ತಿದ್ದರು. ಅಕ್ಟೋಬರ್ 24ರ ನಸುಕಿನಲ್ಲಿ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣವೊಂದರಲ್ಲಿ ಇಬ್ಬರನ್ನು ಬಂಧಿಸುವ ಹೊತ್ತಿಗೆ ಸತ್ತವರು 10, ಗಾಯಗೊಂಡವರು 3. ಗಾಯಗೊಂಡವರಲ್ಲಿ ಬೋವಿ ಊರಿನ ಶಾಲೆಯ ಮುಂದೆ ಗುಂಡು ತಗುಲಿದ 13 ವರ್ಷದ ಹುಡುಗನೂ ಇದ್ದ. ಆ ಶಾಲೆಯ ಬಳಿ ಪೊಲೀಸರಿಗೆ ಮೃತ್ಯುವಿನ ಚಿತ್ರವಿದ್ದ ಒಂದು ಟ್ಯಾರೋ ಎಲೆ ಸಿಕ್ಕಿತು. ತನ್ನನ್ನು ದೇವರೆಂದು ಕರೆಯಬೇಕೆಂದು ಅದರ ಮೇಲೆ ಬರೆದಿತ್ತು.

ಆ ಮೂರು ವಾರ ನಾವು ಪೆಟ್ರೋಲ್ ಬಂಕಿನಲ್ಲಿ ಕಾರಿನ ಮರೆಗೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದೆವು. ಅಂಗಡಿಯಿಂದ ಕಾರಿನವರೆಗೆ ಸೊಟ್ಟಸೊಟ್ಟಗೆ ಓಡುತ್ತಿದ್ದೆವು. ಬಿಳಿಯ ವ್ಯಾನ್ ಕಂಡರೆ ಎದೆ ಹಾರುತ್ತಿತ್ತು. ಕಡೆಗೆ ಸಿಕ್ಕದ್ದು ಹಿಂಬದಿಯ ಡಿಕ್ಕಿಯಲ್ಲಿ ತೂತು ಕೊರೆದಿದ್ದ ನೀಲಿ ಬಣ್ಣದ ಹಳೆಯ ಷೆವ್ರೊಲೆ ಕಾರು. ಇಬ್ಬರಲ್ಲಿ ಕಿರಿಯವನಿಗೆ ಆಗ 17 ವರ್ಷ.

ಹಾಗೆಂದು ಅನಿಮೆ ನೋಡಿದ ಮಕ್ಕಳು ಕೋವಿ ಹಿಡಿಯುತ್ತಾರೆ ಎಂಬ ಸುಲಭದ ಮಾತನ್ನು ನಾನು ಆಡುತ್ತಿಲ್ಲ. ಈ ಸರಣಿಗಳು ಹುಟ್ಟುವುದು ಜಪಾನಿನಲ್ಲಿ, ಅಲ್ಲಿಯವರೂ ಇವನ್ನು ನೋಡುತ್ತಾರೆ. ಆದರೆ ಅಲ್ಲಿ ಸಾಮಾನ್ಯ ನಾಗರಿಕನಿಗೆ ಪಿಸ್ತೂಲು ಸಿಗುವುದಿಲ್ಲ. ಬೇಟೆಯ ಕೋವಿ ಬೇಕೆಂದವನು ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ, ಪೊಲೀಸರ ವಿಚಾರಣೆಗಳನ್ನು ದಾಟಬೇಕು. ನಗುವ ಕೋವಿಗಾತಿಯರು ಅಲ್ಲಿ ಪರದೆಯಲ್ಲೇ ಉಳಿಯುತ್ತಾರೆ. ಗುರಿಯ ಸಂತೋಷವೂ ತಾನಾಗಿ ಪಾಪವಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ನಗುವವರ ನಡುವೆ ನಿಂತು ನಾನೂ ನಕ್ಕಿದ್ದೇನೆ.

ನನ್ನ ತಕರಾರು ದೂರದ ಬಗ್ಗೆ. ಹೊಂಚು ಹಾಕಿ ಹೊಡೆಯುವವನಿಗೆ ತಾನು ಕೊಂದವರ ಮುಖ ನೋಡುವ ಅಗತ್ಯವಿಲ್ಲ. ಆ ನಗು ಸಾಧ್ಯವಾಗುವುದೇ ಆ ದೂರದಿಂದ. ನಮ್ಮ ಹಳಬರಿಗೆ ಇದು ಗೊತ್ತಿತ್ತು. ದಶರಥನಿಗೂ ಕಣ್ಣಿಗೆ ಕಾಣದ್ದನ್ನು ಹೊಡೆಯುವ ಶಕ್ತಿಯಿತ್ತು. ಅದಕ್ಕೆ ಶಬ್ದವೇಧಿ ಎಂದು ಹೆಸರೂ ಇತ್ತು. ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯೆಂದು ಬಗೆದು ಬಾಣ ಬಿಟ್ಟ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದು ರಾಜನನ್ನು ಸರಯೂ ತೀರಕ್ಕೆ ನಡೆಸಿತು, ಸಾಯುತ್ತಿರುವ ಹುಡುಗನ ಮುಖ ತೋರಿಸಿತು, ಆ ಕೊಡವನ್ನು ಅವನ ಕೈಯಲ್ಲೇ ಹೊರಿಸಿ ಕುರುಡು ತಂದೆತಾಯಿಯರ ಮುಂದೆ ನಿಲ್ಲಿಸಿತು.

ನ್ಯಾಯವಾಗಿ ಹೇಳಬೇಕೆಂದರೆ 'ಹೆಲ್ಸಿಂಗ್' ಕೂಡ ದೂರವನ್ನು ಅಳಿಸುತ್ತದೆ. ಮಗಳ ಜೊತೆ ಕುಳಿತು ಆ ಭಾಗವನ್ನು ಪೂರ್ತಿ ನೋಡಿದೆ. ಯಾವ ಗುಂಡನ್ನು ತಡೆಯಲಾಗದೋ ಆ ಗುಂಡನ್ನು ಆಲುಕಾರ್ಡ್ ಹಲ್ಲಿನಲ್ಲಿ ಹಿಡಿದುಬಿಡುತ್ತಾನೆ. ಎದುರಾಳಿ ಮುಖಕ್ಕೆ ಮುಖ ಕೊಟ್ಟು ನಿಂತಾಗ ಅವಳ ನಗು ಅಳಿದು ಬರಿಯ ಭಯ ಉಳಿಯುತ್ತದೆ. ಅವಳದೇ ಕೋವಿ ಅವಳ ಎದೆಯನ್ನು ಸೀಳುತ್ತದೆ. ಆದರೆ ಮೇಳದ ಗೊಂಬೆಗಳಲ್ಲಿ, ಭಿತ್ತಿಚಿತ್ರಗಳಲ್ಲಿ ಬಿಕರಿಯಾಗುವುದು ಆ ಕೊನೆಯ ಮುಖವಲ್ಲ, ಮೊದಲಿನ ನಗು. ಕಥೆಯಿಂದ ಕತ್ತರಿಸಿ ತೆಗೆದ ನಗು. ಅದರ ಹಿಂದಿರುವ ನಾಜಿ ಗುರುತು ಕೂಡ ಹಾಗೆಯೇ ಕತ್ತರಿಸಿ ಹೋಗುತ್ತದೆ.

ಆ ಮಾಂತ್ರಿಕ ಗುಂಡಿಗೂ ಒಂದು ಮೂಲವಿದೆ. 1821ರಲ್ಲಿ ಬರ್ಲಿನ್ನಿನಲ್ಲಿ ಮೊದಲು ಪ್ರದರ್ಶನಗೊಂಡ ವೇಬರನ 'ಡೇರ್ ಫ್ರೈಶ್ಯುಟ್ಸ್' ಎಂಬ ಜರ್ಮನ್ ಸಂಗೀತ ನಾಟಕ ಅದು. ಗುರಿಯ ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಪ್ರೀತಿಸಿದವಳನ್ನು ಮದುವೆಯಾಗಬಹುದು ಎಂಬ ಕಟ್ಟಳೆಗೆ ಹೆದರಿದ ತರುಣನೊಬ್ಬ ಸೈತಾನನ ನೆರವಿನಿಂದ ಏಳು ಗುಂಡುಗಳನ್ನು ಎರಕ ಹೊಯ್ಯಲು ಒಪ್ಪುತ್ತಾನೆ. ಆರು ಗುಂಡುಗಳು ಹೊಡೆಯುವವನ ಇಚ್ಛೆಗೆ ಸಲ್ಲುತ್ತವೆ. ಏಳನೆಯದು ಸೈತಾನನ ಇಚ್ಛೆಗೆ. ಅದು ವಧುವಿನತ್ತಲೇ ಹಾರುತ್ತದೆ. ದೈವವಶಾತ್ ಅವಳು ಬದುಕುತ್ತಾಳೆ. ಕೊನೆಗೆ ಬರುವ ವೃದ್ಧ ಸನ್ಯಾಸಿ ತರುಣನಿಗೆ ಒಂದು ವರ್ಷದ ಅವಕಾಶ ಕೊಡಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಆ ಗುರಿಯ ಪರೀಕ್ಷೆಯ ಕಟ್ಟಳೆಯನ್ನೇ ರದ್ದು ಮಾಡಿಸುತ್ತಾನೆ. ಆ ಮುದುಕ ತರುಣನಿಗೆ ನೀತಿ ಬೋಧಿಸಿ ಸುಮ್ಮನಾಗಲಿಲ್ಲ, ನಿಯಮವನ್ನೇ ಬದಲಿಸಿದ.

ನಾವು ಮಾಡದೇ ಉಳಿದಿರುವುದು ಅದನ್ನೇ. 2002ರ ಆ ಇಬ್ಬರೂ ಕಾನೂನಿನ ಪ್ರಕಾರ ಕೋವಿ ಕೊಳ್ಳುವಂತಿರಲಿಲ್ಲ. ಒಬ್ಬ ಅಪ್ರಾಪ್ತ, ಇನ್ನೊಬ್ಬನ ಮೇಲೆ ಪತ್ನಿಯ ರಕ್ಷಣೆಗಾಗಿ ನ್ಯಾಯಾಲಯದ ಆದೇಶವಿತ್ತು. ಅವರ ಕೈಗೆ ಬಂದ ಬುಷ್‌ಮಾಸ್ಟರ್ ರೈಫಲ್ ಟಕೋಮಾ ನಗರದ ಒಂದು ಅಂಗಡಿಯಿಂದ ಹೋದದ್ದು. ಹೇಗೆ ಹೋಯಿತೆಂದು ಆ ಅಂಗಡಿಯ ಬಳಿ ಲೆಕ್ಕವೇ ಇರಲಿಲ್ಲ. ಸತ್ತವರ ಕುಟುಂಬಗಳು ಮೊಕದ್ದಮೆ ಹೂಡಿದವು; 2004ರಲ್ಲಿ ಅಂಗಡಿ ಮತ್ತು ತಯಾರಕರು ಸುಮಾರು 25 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದರು. ಮರುವರ್ಷವೇ, 2005ರ ಅಕ್ಟೋಬರಿನಲ್ಲಿ, ಇಂಥ ಬಹುಪಾಲು ಮೊಕದ್ದಮೆಗಳಿಂದ ಬಂದೂಕು ಉದ್ಯಮವನ್ನು ಕಾಪಾಡುವ ಕಾನೂನು ವಾಷಿಂಗ್ಟನ್ನಿನಲ್ಲೇ ಸಿದ್ಧವಾಯಿತು. ಮೇರಿಲ್ಯಾಂಡ್ 2013ರಲ್ಲಿ ಇಂಥ ಹಲವು ರೈಫಲ್‌ಗಳ ಮಾರಾಟವನ್ನು ನಿಷೇಧಿಸಿತು. ಅದಕ್ಕೂ ಮೊದಲು ಇನ್ನೊಂದು ರಾಜ್ಯದಲ್ಲಿ ಮಕ್ಕಳ ಶಾಲೆಯೊಂದು ರಕ್ತದಲ್ಲಿ ತೊಯ್ಯಬೇಕಾಯಿತು.

2015ರಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನ ಇಗರ್ಜಿಯಲ್ಲಿ ಪ್ರಾರ್ಥನೆಗೆ ಕುಳಿತಿದ್ದ 9 ಕಪ್ಪು ಜನರನ್ನು ಕೊಂದ ಬಿಳಿಯ ಶ್ರೇಷ್ಠತಾವಾದಿಗೆ ಪಿಸ್ತೂಲು ಸಿಕ್ಕಿದ್ದು, ಮೂರು ದಿನಗಳೊಳಗೆ ಅವನ ಹಿನ್ನೆಲೆಯ ಪರಿಶೀಲನೆ ಮುಗಿಯದಿದ್ದರೂ ಮಾರಬಹುದೆಂಬ ನಿಯಮದಿಂದ. 2024ರ ಸೆಪ್ಟೆಂಬರ್ 4ರಂದು ಅಟ್ಲಾಂಟಾದ ಸಮೀಪದ ವಿಂಡರ್ ಊರಿನ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಸತ್ತರು. ಆರೋಪಿಗೆ 14 ವರ್ಷ. ಅವನ ತಂದೆಯ ಮೇಲೂ ಕೊಲೆಯ ಆರೋಪ ಹೊರಿಸಲಾಯಿತು. ಪ್ರತಿ ಬಾರಿಯೂ ಗುಂಡು ಯಾರದೆಂಬ ಚರ್ಚೆ ನಡೆಯುತ್ತದೆ. ಆಟದ್ದೋ, ಸಿನಿಮಾದ್ದೋ, ಹುಚ್ಚಿನದ್ದೋ? ಎರಕ ಹೊಯ್ದ ಕುಲುಮೆಯನ್ನು ಮಾತ್ರ ಯಾರೂ ನೋಡುವುದಿಲ್ಲ.

ನಾವು ಕನ್ನಡಿಗರು ಈ ವಿಷಯದಲ್ಲಿ ದೂರದವರಂತೆ ಇದ್ದುಬಿಟ್ಟಿದ್ದೇವೆ. ಕನ್ನಡ ಕೂಟಗಳ ಊಟದ ಸಾಲಿನಲ್ಲಿ ವೀಸಾ, ಮಕ್ಕಳ ಕಾಲೇಜು, ಬೆಂಗಳೂರಿನ ಸೈಟಿನ ಬೆಲೆ ಎಲ್ಲವೂ ಬರುತ್ತವೆ. ನಮ್ಮ ಮಕ್ಕಳು ಶಾಲೆಯಲ್ಲಿ ದೀಪವಾರಿಸಿ, ಬಾಗಿಲಿಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡುತ್ತಾರೆಂಬುದು ಬರುವುದಿಲ್ಲ. 'ಅದು ಅವರ ದೇಶದ ಜಗಳ' ಎನ್ನುತ್ತೇವೆ. ನಮ್ಮಲ್ಲಿ ಎಷ್ಟೋ ಜನ ಇಲ್ಲಿಯ ಪ್ರಜೆಗಳಾಗಿ, ಮತ ಹಾಕುವವರಾಗಿ ಎಷ್ಟೋ ವರ್ಷವಾಯಿತು. ರಿಪ್ ವ್ಯಾನ್ ವಿಂಕಲ್ ಎಂಬ ಹೆಸರಿನ ಮೂಲ ಕಥೆಯ ನಾಯಕ ಇಪ್ಪತ್ತು ವರ್ಷ ಮಲಗಿ ಎದ್ದವನು. 2002ರಿಂದ ಲೆಕ್ಕ ಹಾಕಿದರೆ ನಮ್ಮ ನಿದ್ದೆ ಅವನದನ್ನೂ ಮೀರಿದೆ.

ವೇಷ ಹಾಕಬೇಡ ಎಂದು ನಾನು ಮಗಳಿಗೆ ಹೇಳಲಿಲ್ಲ. ಮೇಳದ ಹಿಂದಿನ ಸಂಜೆ ಅವರಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಆ್ಯಸ್ಪೆನ್ ಹಿಲ್ಲಿನ ಪೆಟ್ರೋಲ್ ಬಂಕಿಗೆ ಹೋದೆ. ಪೆಟ್ರೋಲ್ ಹಾಕುತ್ತಾ ಆ ಬೆಳಗಿನ ಕಥೆಯನ್ನು ಹೇಳಿದೆ. ಹುಡುಗ ರಸ್ತೆಯಾಚೆಯ ಮರಗಳನ್ನು ನೋಡುತ್ತಾ ನಿಂತಿದ್ದ. ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಆಮೇಲೆ ನೀವೆಲ್ಲ ಏನು ಮಾಡಿದ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವರ್ಷ ಅವಳು ಮೊದಲ ಬಾರಿಗೆ ಮತ ಹಾಕುತ್ತಾಳೆ. ಅಷ್ಟರೊಳಗೆ ಹೇಳಲು ನನಗೊಂದು ಉತ್ತರ ಬೇಕು.